ಗಣಕಯಂತ್ರದ ದುಡಿಮೆಯ ಲೆಕ್ಕ

ಲೆಕ್ಕವಿಡುವುದು ಬೇರೆ, ಇಟ್ಟ ಲೆಕ್ಕವನ್ನು ಓದುವುದು ಬೇರೆ ಎಂಬುದನ್ನು ಮನೆವಾರ್ತೆಯನ್ನು ನಡೆಯಿಸುವ ಪ್ರತಿಯೊಬ್ಬ ಗೃಹಿಣಿಯೂ ಬಲ್ಲಳು. ಇಷ್ಟು ಸೇರು ಅಕ್ಕಿ ಖರ್ಚಾಯಿತೆಂಬ ಅಂಕಿಯೊಂದೇ ಇದ್ದರೆ ಸಾಲದು. ಎಷ್ಟು ದಿನಗಳಲ್ಲಿ ಖರ್ಚಾಯಿತು, ಎಷ್ಟು ಮಂದಿಗೆ ಬಡಿಸಿದ್ದಾಯಿತು, ಯಾವ ಅಳತೆಯಿಂದ ಅಳೆದದ್ದಾಯಿತು ಎಂಬ ಮೂರು ಸಂಗತಿಗಳು ಗೊತ್ತಾದಲ್ಲದೆ ಆ ಅಂಕಿಯಿಂದ ಹೆಚ್ಚಾಯಿತೆಂದಾಗಲಿ ಕಡಮೆಯಾಯಿತೆಂದಾಗಲಿ ಹೇಳಲಾಗದು. ಗಣಕಯಂತ್ರದ ವಿಷಯದಲ್ಲಿಯೂ ಇದೇ ನ್ಯಾಯವು ಸಲ್ಲುವುದು.

ಕಂಪ್ಯೂಟರು ಇಂದು ಶಾಲೆ, ಬ್ಯಾಂಕು, ಆಸ್ಪತ್ರೆ, ಅಂಗಡಿಗಳಲ್ಲಿಯೂ ಅನೇಕ ಮನೆಗಳಲ್ಲಿಯೂ ನೆಲೆಸಿದೆ. ಅದು ಎಂದಾದರೂ ನಿಧಾನವಾಗಿ ನಡೆಯತೊಡಗಿದರೆ, ಒಳಗೆ ನಡೆಯುತ್ತಿರುವ ಕೆಲಸಗಳ ಪಟ್ಟಿಯನ್ನು ತೆರೆದು ನೋಡುವುದು ವಾಡಿಕೆ. ಆ ಪಟ್ಟಿಯಲ್ಲಿ ಒಂದೊಂದು ಕೆಲಸದ ಹೆಸರಿನೆದುರಿಗೂ ಶೇಕಡಾ ಇಷ್ಟು ಎಂಬ ಅಂಕಿಯಿರುವುದು. ಎಲ್ಲಕ್ಕಿಂತ ದೊಡ್ಡ ಅಂಕಿಯುಳ್ಳ ಕೆಲಸವೇ ಅಪರಾಧಿಯೆಂದು ತೀರ್ಮಾನಿಸಿ ಅದನ್ನು ಕೂಡಲೆ ನಿಲ್ಲಿಸಿಬಿಡುವವರು ಅನೇಕರಿದ್ದಾರೆ. ಹಾಗೆ ನಿಲ್ಲಿಸಿದ ಕೆಲಸದೊಡನೆ ಮಗಳು ಅರ್ಧ ಬರೆದಿದ್ದ ಪ್ರಬಂಧವೋ ಅಂಗಡಿಯ ಆ ದಿನದ ಲೆಕ್ಕವೋ ಅಳಿಸಿಹೋದರೆ ಆಮೇಲೆ ಪಶ್ಚಾತ್ತಾಪಪಟ್ಟು ಪ್ರಯೋಜನವಿಲ್ಲ. ಆದುದರಿಂದ ಆ ಅಂಕಿ ಎಲ್ಲಿಂದ ಬರುವುದು, ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ವಿಚಾರಿಸುವುದೇ ಈ ಪಾಠದ ಉದ್ದೇಶ.

೧. ಪ್ರೊಸೆಸರೂ ಪ್ರಕ್ರಿಯೆಯೂ

ಕಂಪ್ಯೂಟರಿನೊಳಗೆ ಲೆಕ್ಕಮಾಡತಕ್ಕ ಮುಖ್ಯ ಭಾಗಕ್ಕೆ ಸಿ.ಪಿ.ಯು. ಅಥವಾ ಪ್ರೊಸೆಸರು ಎಂದು ಹೆಸರು. ಕೂಡುವುದು, ಕಳೆಯುವುದು, ಹೋಲಿಸುವುದು, ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದು ಇವೇ ಮೊದಲಾದ ಸಣ್ಣ ಸಣ್ಣ ಆಜ್ಞೆಗಳನ್ನು ಅದು ಬಹು ವೇಗವಾಗಿ ನೆರವೇರಿಸುತ್ತ ಹೋಗುವುದು. ಒಂದು ಕಾರ್ಯಕ್ಕಾಗಿ ಕ್ರಮವಾಗಿ ಬರೆದಿಟ್ಟ ಇಂಥ ಆಜ್ಞೆಗಳ ಸಮೂಹವೇ ಪ್ರೋಗ್ರಾಮು. ಕಪಾಟಿನಲ್ಲಿಟ್ಟ ಪಾಕಪುಸ್ತಕವು ಅಡಿಗೆಯಲ್ಲ. ಅದನ್ನು ತೆರೆದು ಒಲೆ ಹೊತ್ತಿಸಿದಾಗಲೇ ಅಡಿಗೆ ಪ್ರಾರಂಭವಾಗುವುದು. ಹಾಗೆಯೇ ಬರೆದಿಟ್ಟ ಪ್ರೋಗ್ರಾಮು ನಡೆಯತೊಡಗಿದಾಗ ಅದು ಪ್ರಕ್ರಿಯೆ ಎನ್ನಿಸಿಕೊಳ್ಳುವುದು.

ಒಂದು ಸಾಧಾರಣ ಕಂಪ್ಯೂಟರಿನಲ್ಲಿ ಒಂದೇ ಕಾಲಕ್ಕೆ ನೂರಾರು ಪ್ರಕ್ರಿಯೆಗಳು ಇರುವುದುಂಟು. ಪ್ರೊಸೆಸರುಗಳಾದರೋ ಕೆಲವೇ. ಆದಕಾರಣ ಸರದಿಯನ್ನು ಹಂಚತಕ್ಕ ಒಬ್ಬ ಮೇಲ್ವಿಚಾರಕನು ಅಗತ್ಯ. ಈ ಮೇಲ್ವಿಚಾರಣೆಯನ್ನು ನಡೆಯಿಸುವುದೇ ಆಪರೇಟಿಂಗ್ ಸಿಸ್ಟಮ್ ಎಂಬ ಕಾರ್ಯನಿರ್ವಾಹಕ ವ್ಯವಸ್ಥೆ. ವಿಂಡೋಸ್, ಲಿನಕ್ಸ್, ಮ್ಯಾಕ್ ಓಎಸ್ ಎಂಬುವು ಇದಕ್ಕೆ ಉದಾಹರಣೆಗಳು. ನಮ್ಮ ಕೈಯ ಫೋನುಗಳಲ್ಲಿ ಬಹು ಪ್ರಚಾರದಲ್ಲಿರುವ ಆಂಡ್ರಾಯ್ಡ್ ಎಂಬ ವ್ಯವಸ್ಥೆಯ ತಿರುಳೂ ಲಿನಕ್ಸೇ ಆಗಿದೆ.

ವಿದ್ಯಾರ್ಥಿನಿಯರ ವಸತಿಗೃಹವೊಂದರಲ್ಲಿ ಒಂದೇ ಬೀಸುವ ಕಲ್ಲು ಇದೆಯೆಂದೂ, ಹತ್ತು ಮಂದಿ ಹುಡುಗಿಯರು ಅದರಲ್ಲಿ ತಮ್ಮ ತಮ್ಮ ಪಾಲಿನ ರಾಗಿಯನ್ನು ಬೀಸಬೇಕೆಂದೂ ಊಹಿಸಿಕೊಳ್ಳಿರಿ. ಒಬ್ಬಳು ಬೀಸುತ್ತಿರುವಳು, ಕೆಲವರು ರಾಗಿಯನ್ನು ಸಿದ್ಧವಾಗಿಟ್ಟುಕೊಂಡು ಸರದಿಗಾಗಿ ನಿಂತಿರುವರು, ಉಳಿದವರ ರಾಗಿ ಇನ್ನೂ ಉಗ್ರಾಣದಿಂದ ಬಂದಿಲ್ಲವಾದ್ದರಿಂದ ಅವರು ಪಕ್ಕದಲ್ಲಿ ಕುಳಿತಿರುವರು. ಪ್ರಕ್ರಿಯೆಗಳ ಸ್ಥಿತಿಯೂ ಈ ಮೂರೇ ಬಗೆ: ನಡೆಯುತ್ತಿರುವುದು, ಸರದಿಗೆ ಸಿದ್ಧವಾಗಿರುವುದು, ಬೇರೊಂದು ವಸ್ತುವಿಗಾಗಿ ಕಾಯುತ್ತ ಮಲಗಿರುವುದು. ಇವುಗಳಲ್ಲಿ ಮೊದಲನೆಯ ಸ್ಥಿತಿಯಲ್ಲಿ ಕಳೆದ ಹೊತ್ತು ಮಾತ್ರವೇ ಸಿ.ಪಿ.ಯು. ಕಾಲವೆಂದು ಲೆಕ್ಕಕ್ಕೆ ಬರುವುದು. ಕಲ್ಲಿನ ಪಕ್ಕದಲ್ಲಿ ಬೆಳಗಿನಿಂದ ಕುಳಿತಿದ್ದರೂ ಹಿಡಿಯನ್ನು ಮುಟ್ಟದವಳ ಲೆಕ್ಕದಲ್ಲಿ ಸೊನ್ನೆಯೇ ಇರುವುದು.

೨. ಲೆಕ್ಕವು ಏಕೆ ಬೇಕಾಯಿತು?

ಮೊದಮೊದಲಿನ ಕಂಪ್ಯೂಟರುಗಳು ಒಂದು ಸಲಕ್ಕೆ ಒಬ್ಬರ ಕೆಲಸವನ್ನು ಮಾತ್ರ ಮಾಡುತ್ತಿದ್ದುವು. ಆಗ ಗಡಿಯಾರವನ್ನು ನೋಡಿದರೆ ಸಾಕಾಗಿತ್ತು. ಬಂದ ಹೊತ್ತನ್ನೂ ಹೋದ ಹೊತ್ತನ್ನೂ ಬರೆದುಕೊಂಡರೆ ಲೆಕ್ಕವು ಮುಗಿಯುತ್ತಿತ್ತು. ೧೯೬೧ರ ನವೆಂಬರಿನಲ್ಲಿ ಅಮೆರಿಕೆಯ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾತೊ ಎಂಬ ವಿದ್ವಾಂಸರೂ ಅವರ ಸಂಗಡಿಗರೂ ಒಂದೇ ಯಂತ್ರವನ್ನು ಅನೇಕರು ಏಕಕಾಲದಲ್ಲಿ ಬಳಸಬಹುದಾದ ಕಾಲಹಂಚಿಕೆಯ ಪದ್ಧತಿಯನ್ನು ಮಾಡಿ ತೋರಿಸಿದರು. ಯಂತ್ರವು ಒಬ್ಬರ ಕೆಲಸವನ್ನು ಕ್ಷಣಮಾತ್ರ ಮಾಡಿ, ಬದಿಗಿಟ್ಟು, ಇನ್ನೊಬ್ಬರದನ್ನು ಕೈಗೆತ್ತಿಕೊಳ್ಳುವುದು. ಈ ಬದಲಾವಣೆಯು ಅತಿ ಶೀಘ್ರವಾಗಿ ನಡೆಯುವುದರಿಂದ ಪ್ರತಿಯೊಬ್ಬರಿಗೂ ಯಂತ್ರವು ತಮ್ಮೊಬ್ಬರದೇ ಎಂಬ ಭಾವನೆ ಉಂಟಾಗುವುದು.

ಆದರೆ ಅಂದಿನ ಯಂತ್ರಗಳ ಬೆಲೆ ಅಪಾರವಾಗಿತ್ತು. ಹತ್ತು ಮಂದಿ ಹಂಚಿಕೊಂಡ ಮೇಲೆ ಯಾರು ಎಷ್ಟು ಹೊತ್ತು ಬಳಸಿದರೆಂಬುದು ಗೊತ್ತಾಗದೆ ಖರ್ಚನ್ನು ನ್ಯಾಯವಾಗಿ ಹಂಚುವಂತಿರಲಿಲ್ಲ. ಗಡಿಯಾರವೊಂದರಿಂದಲೇ ಇದನ್ನು ತಿಳಿಯುವುದು ಅಸಾಧ್ಯವಾಯಿತು. ಹೀಗಾಗಿ ಗೋಡೆಯ ಗಡಿಯಾರದ ಕಾಲವೆಂದೂ ಪ್ರೊಸೆಸರಿನ ಕಾಲವೆಂದೂ ಎರಡು ಬಗೆಯ ಕಾಲಗಳನ್ನು ಬೇರ್ಪಡಿಸಿ ಬರೆದಿಡುವುದು ಅವಶ್ಯವಾಯಿತು. ೧೯೬೯ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚೀ ಎಂಬುವರು ಪ್ರಾರಂಭಿಸಿದ ಯೂನಿಕ್ಸ್ ವ್ಯವಸ್ಥೆಯಲ್ಲಿಯೂ ಈ ಲೆಕ್ಕವಿತ್ತು. ಇಂದಿನ ಲಿನಕ್ಸ್ ಮೊದಲಾದುವು ಅದರ ಸಂಪ್ರದಾಯವನ್ನೇ ಅನುಸರಿಸಿವೆ.

ಈ ಲೆಕ್ಕದ ಉಪಯೋಗವು ಹಣದ ವಸೂಲಿಯೊಂದರಲ್ಲಿಯೇ ಮುಗಿಯುವುದಿಲ್ಲ. ಮುಂದಿನ ಸರದಿ ಯಾರಿಗೆ ಎಂಬುದನ್ನು ನಿರ್ಣಯಿಸುವಾಗ ವ್ಯವಸ್ಥೆಯು ಈ ಲೆಕ್ಕವನ್ನೇ ನೋಡುವುದು. ಕಡಮೆ ಪಡೆದವರಿಗೆ ಮೊದಲು ಕೊಡುವುದು, ಹೆಚ್ಚು ಪಡೆದವರನ್ನು ತಡೆದು ನಿಲ್ಲಿಸುವುದು ಇದರ ಕ್ರಮ. ಫೋನಿನ ಬ್ಯಾಟರಿಯನ್ನು ಯಾವ ಪ್ರೋಗ್ರಾಮು ಎಷ್ಟು ಬಳಸಿತೆಂದು ತೋರಿಸುವ ಅಂದಾಜಿಗೂ ಸಿ.ಪಿ.ಯು. ಕಾಲವು ಒಂದು ಆಧಾರವಾಗಿದೆ. ಅಂದಮೇಲೆ ಲೆಕ್ಕವು ತಪ್ಪಿದರೆ ನ್ಯಾಯವೂ ತಪ್ಪುವುದು.

೩. ಗಂಟೆ ಬಾರಿಸಿದಾಗ ಇಣಿಕಿ ನೋಡುವ ಪದ್ಧತಿ

ಅಳೆಯುವುದಕ್ಕೆ ಎರಡು ಮುಖ್ಯ ಪದ್ಧತಿಗಳುಂಟು. ಇವುಗಳಲ್ಲಿ ಹಳೆಯದು, ಸುಲಭವಾದದ್ದು, ಗಂಟೆಯ ಪದ್ಧತಿ. ವಸತಿಗೃಹದ ಮೇಲ್ವಿಚಾರಕಿಯು ಕಲ್ಲಿನ ಬಳಿಯಲ್ಲಿಯೇ ಕುಳಿತಿರಲಾರಳು. ಆಕೆಯು ನಿಯಮಿತವಾಗಿ ಗಂಟೆ ಬಾರಿಸುವಳು. ಬಾರಿಸಿದಾಗಲೆಲ್ಲ ಬಾಗಿಲಿನಿಂದ ಇಣಿಕಿ, ಆಗ ಯಾರ ಕೈ ಹಿಡಿಯ ಮೇಲಿದೆಯೋ ಅವಳ ಹೆಸರಿನೆದುರಿಗೆ ಒಂದು ಗೆರೆಯನ್ನೆಳೆಯುವಳು. ಸಂಜೆ ಗೆರೆಗಳನ್ನು ಎಣಿಸಿ ಯಾರು ಎಷ್ಟು ಬೀಸಿದರೆಂದು ಹೇಳುವಳು.

ಕಂಪ್ಯೂಟರಿನಲ್ಲಿ ಈ ಗಂಟೆಗೆ ಟಿಕ್ ಎಂದು ಹೆಸರು. ಆರಂಭದ ಯೂನಿಕ್ಸಿನಲ್ಲಿ ಸೆಕೆಂಡಿಗೆ ೬೦ ಟಿಕ್ಕುಗಳಿದ್ದುವು. ಅಮೆರಿಕೆಯ ವಿದ್ಯುತ್ ಪ್ರವಾಹವು ಸೆಕೆಂಡಿಗೆ ೬೦ ಆವರ್ತಗಳುಳ್ಳದ್ದಾದುದರಿಂದ ಆ ಸಂಖ್ಯೆಯು ಬಂದಿತು. ಸಾಧಾರಣ ಕಂಪ್ಯೂಟರುಗಳ ಲಿನಕ್ಸಿನಲ್ಲಿ ಮೊದಲು ಸೆಕೆಂಡಿಗೆ ೧೦೦ ಟಿಕ್ಕುಗಳಿದ್ದುವು. ೨೦೦೩ರಲ್ಲಿ ಹೊರಬಂದ ೨.೬ನೆಯ ಆವೃತ್ತಿಯಲ್ಲಿ ಅವನ್ನು ೧೦೦೦ಕ್ಕೆ ಏರಿಸಿ, ೨೦೦೫ರಲ್ಲಿ ೨೫೦ನ್ನು ರೂಢಿಯ ಸಂಖ್ಯೆಯನ್ನಾಗಿ ಮಾಡಿದರು. ವಿಂಡೋಸಿನಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ ೬೪ ಟಿಕ್ಕುಗಳು. ಪ್ರತಿ ಟಿಕ್ಕಿನಲ್ಲಿಯೂ ವ್ಯವಸ್ಥೆಯು ಆ ಕ್ಷಣದಲ್ಲಿ ನಡೆಯುತ್ತಿರುವ ಪ್ರಕ್ರಿಯೆಯ ಖಾತೆಗೆ ಒಂದನ್ನು ಸೇರಿಸುವುದು.

ಆ ಖಾತೆಯಲ್ಲಿ ಎರಡು ಕಂಬಸಾಲುಗಳಿರುವುವು. ಪ್ರಕ್ರಿಯೆಯು ತನ್ನ ಸ್ವಂತ ಆಜ್ಞೆಗಳನ್ನು ನಡೆಯಿಸುತ್ತಿದ್ದರೆ ಅದು ಬಳಕೆದಾರರ ಕಾಲ. ಕಡತವನ್ನು ತೆರೆಯುವುದು, ಅಂತರ್ಜಾಲಕ್ಕೆ ಅಕ್ಷರಗಳನ್ನು ಕಳುಹಿಸುವುದು ಮೊದಲಾದುವುಗಳಿಗಾಗಿ ವ್ಯವಸ್ಥೆಯ ತಿರುಳನ್ನೇ ಬೇಡಿಕೊಂಡಿದ್ದರೆ, ಆ ತಿರುಳು ಅದರ ಪರವಾಗಿ ದುಡಿದ ಹೊತ್ತು ವ್ಯವಸ್ಥೆಯ ಕಾಲ. ಎರಡನ್ನೂ ಕೂಡಿಸಿದರೆ ಪ್ರಕ್ರಿಯೆಯ ಒಟ್ಟು ಸಿ.ಪಿ.ಯು. ಕಾಲವು ದೊರೆಯುವುದು.

ಈ ಪದ್ಧತಿಯಲ್ಲಿ ಒಂದು ಗುಣವುಂಟು. ಟಿಕ್ಕು ಸೆಕೆಂಡಿಗೆ ೧೦೦ ಆದರೆ ಒಂದು ತಾಸಿನಲ್ಲಿ ೩,೬೦,೦೦೦ ಸಲ ಇಣಿಕಿ ನೋಡಿದಂತಾಗುವುದು. ಇಷ್ಟು ಸಲ ನೋಡಿದಾಗ ಒಂದೆರಡು ಕಡೆ ಹೆಚ್ಚುಕಡಮೆಯಾದರೂ ಒಟ್ಟಿನಲ್ಲಿ ಸರಿಹೋಗುವುದು. ಆದರೆ ಇದಕ್ಕೆ ಒಂದು ನಿಬಂಧನೆಯಿದೆ: ಬೀಸುವವರ ಬರುವಿಕೆ ಹೋಗುವಿಕೆಗಳಿಗೂ ಗಂಟೆಗೂ ಯಾವ ಸಂಬಂಧವೂ ಇರಕೂಡದು. ಒಬ್ಬ ಹುಡುಗಿಯು ಗಂಟೆ ಮುಗಿದೊಡನೆ ಬಂದು ಬೀಸತೊಡಗಿ, ಮುಂದಿನ ಗಂಟೆಗೆ ಸ್ವಲ್ಪ ಮೊದಲೇ ಎದ್ದುಹೋಗುವಳೆಂದು ಭಾವಿಸಿರಿ. ಹತ್ತರಲ್ಲಿ ಒಂಬತ್ತು ಪಾಲು ಹೊತ್ತು ಬೀಸಿದವಳು ಅವಳೇ. ಉಳಿದ ಒಂದು ಪಾಲಿನಲ್ಲಿ ಕುಳಿತ ಇನ್ನೊಬ್ಬಳು ಗಂಟೆಯ ಕ್ಷಣದಲ್ಲಿ ಕಣ್ಣಿಗೆ ಬೀಳುವಳು. ಸಂಜೆಯ ಲೆಕ್ಕದಲ್ಲಿ ಮೊದಲನೆಯವಳಿಗೆ ಸೊನ್ನೆ. ಎರಡನೆಯವಳಿಗೆ ನೂರಕ್ಕೆ ನೂರು. ಲೆಕ್ಕವಿಟ್ಟವಳು ಸುಳ್ಳು ಹೇಳಲಿಲ್ಲ, ಕಂಡದ್ದನ್ನೇ ಬರೆದಳು. ಆದರೂ ಬರೆದದ್ದು ಸತ್ಯವಲ್ಲ.

ಇದು ಕೇವಲ ಕಲ್ಪನೆಯೆಂದು ತಿಳಿಯಬೇಡಿರಿ. ಡಾನ್ ತ್ಸಫ್ರೀರ್, ಯೋಆವ್ ಎತ್ಸಿಯೋನ್, ಡ್ರೋರ್ ಫೈಟೆಲ್ಸನ್ ಎಂಬ ಮೂವರು ವಿದ್ವಾಂಸರು ೨೦೦೭ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ವಿಶೇಷ ಅಧಿಕಾರವೇನೂ ಇಲ್ಲದ ಸಾಧಾರಣ ಪ್ರೋಗ್ರಾಮೊಂದು ಟಿಕ್ಕುಗಳ ನಡುವೆ ಮಾತ್ರ ನಡೆದು, ಟಿಕ್ಕಿನ ಹೊತ್ತಿಗೆ ಮಲಗಿಕೊಂಡು, ಪ್ರೊಸೆಸರಿನ ಬಹುಭಾಗವನ್ನು ಗುಟ್ಟಾಗಿ ಕಬಳಿಸಬಹುದೆಂದು ಮಾಡಿಯೇ ತೋರಿಸಿದರು. ಪಟ್ಟಿಯಲ್ಲಿ ಅದು ಏನನ್ನೂ ಬಳಸದ ಸಾಧುವಿನಂತೆ ಕಾಣುತ್ತಿತ್ತು. ಅದರ ಕಾಲವೆಲ್ಲ ಇತರರ ಖಾತೆಗೆ ಬೀಳುತ್ತಿತ್ತು. ಕಡಮೆ ಪಡೆದವರಿಗೆ ಮೊದಲ ಸರದಿಯೆಂಬ ನಿಯಮದಿಂದ ವ್ಯವಸ್ಥೆಯು ಆ ಕಳ್ಳನಿಗೇ ಮತ್ತೆ ಮತ್ತೆ ಸರದಿಯನ್ನು ಕೊಡುತ್ತಿತ್ತು. ಬಳಸಿದಷ್ಟಕ್ಕೆ ಹಣ ತೆರಬೇಕಾದ ಯಂತ್ರಗಳಲ್ಲಿ ಇಂಥ ಲೆಕ್ಕದಿಂದ ನಿರಪರಾಧಿಗಳು ಹಣ ತೆತ್ತಂತಾಗುವುದಲ್ಲವೆ?

೪. ಬಂದುದನ್ನೂ ಹೋದುದನ್ನೂ ಬರೆಯುವ ಪದ್ಧತಿ

ಎರಡನೆಯ ಪದ್ಧತಿಯಲ್ಲಿ ಗಂಟೆಯನ್ನು ನೆಚ್ಚುವುದಿಲ್ಲ. ಕಲ್ಲಿನ ಹತ್ತಿರವೇ ಒಂದು ಪುಸ್ತಕವನ್ನೂ ಸೂಕ್ಷ್ಮವಾದ ಗಡಿಯಾರವನ್ನೂ ಇಟ್ಟು, ಒಬ್ಬಳು ಕುಳಿತಾಗ ಒಂದು ಸಲ, ಎದ್ದಾಗ ಇನ್ನೊಂದು ಸಲ ಹೊತ್ತನ್ನು ಬರೆಯುವುದು. ಎರಡರ ಅಂತರವೇ ಅವಳ ದುಡಿಮೆ. ಇದರಲ್ಲಿ ಗಂಟೆಯ ಕಣ್ಣನ್ನು ತಪ್ಪಿಸಿಕೊಳ್ಳುವ ಉಪಾಯವೇ ಇಲ್ಲ.

ಪ್ರೊಸೆಸರುಗಳೊಳಗೆ ಅತಿ ವೇಗವಾಗಿ ಎಣಿಸುವ ಎಣಿಕೆಯ ಸಾಧನಗಳು ಬಂದಮೇಲೆ ಇದು ಸುಲಭಸಾಧ್ಯವಾಯಿತು. ೨೦೦೭ರ ಅಕ್ಟೋಬರಿನಲ್ಲಿ ಹೊರಬಂದ ಲಿನಕ್ಸಿನ ೨.೬.೨೩ನೆಯ ಆವೃತ್ತಿಯಲ್ಲಿ ಇಂಗೋ ಮೋಲ್ನಾರ್ ಎಂಬುವರು ರಚಿಸಿದ ಹೊಸ ಸರದಿಯ ಕ್ರಮವು ಪ್ರತಿ ಪ್ರಕ್ರಿಯೆಯ ಕಾಲವನ್ನು ನ್ಯಾನೊಸೆಕೆಂಡುಗಳಲ್ಲಿ, ಅಂದರೆ ಸೆಕೆಂಡಿನ ನೂರು ಕೋಟಿಯ ಒಂದು ಭಾಗದಷ್ಟು ಸೂಕ್ಷ್ಮವಾಗಿ, ಲೆಕ್ಕವಿಡತೊಡಗಿತು. ಅದೇ ವರ್ಷದ ಜನವರಿಯಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ಟಾದಲ್ಲಿಯೂ ಪ್ರೊಸೆಸರಿನ ಆವರ್ತಗಳನ್ನೇ ಎಣಿಸುವ ಏರ್ಪಾಡು ಸೇರಿತು.

ಆದರೂ ಇದರಿಂದ ಎಲ್ಲವೂ ಮುಗಿಯಿತೆನ್ನುವಂತಿಲ್ಲ. ಒಬ್ಬಳು ಬೀಸುತ್ತಿರುವಾಗ ಹೊರಗೆ ಅಂಚೆಯವನು ಬಂದರೆ ಅವಳೇ ಎದ್ದುಹೋಗಿ ಕಾಗದಗಳನ್ನು ತರುವಳು. ಆ ಕಾಗದಗಳು ಬೇರೆ ಯಾರಿಗೋ ಬಂದವು. ಆದರೆ ಹೋದ ಹೊತ್ತು ಅವಳ ಖಾತೆಗೆ. ಹಾಗೆಯೇ ಅಂತರ್ಜಾಲದಿಂದ ಸುದ್ದಿ ಬಂದಾಗ, ಕೀಲಿಮಣೆಯನ್ನು ಒತ್ತಿದಾಗ ಪ್ರೊಸೆಸರಿಗೆ ಅಡ್ಡಿಯ ಕರೆಗಳು ಬರುವುವು. ಅವುಗಳಿಗೆ ತಗಲಿದ ಕಾಲವನ್ನು ಪ್ರತ್ಯೇಕವಾಗಿ ಬರೆಯದಿದ್ದರೆ, ಆಗ ಯಾರು ನಡೆಯುತ್ತಿದ್ದರೋ ಅವರ ತಲೆಗೇ ಅದು ಕಟ್ಟಲ್ಪಡುವುದು.

೫. ಕಾಲದಿಂದ ಶೇಕಡಾ ಅಂಕಿ ಹುಟ್ಟುವ ಬಗೆ

ಮೇಲ್ಕಂಡಂತೆ ವ್ಯವಸ್ಥೆಯು ಇಡುವುದು ಕಾಲದ ಮೊತ್ತವನ್ನು ಮಾತ್ರ. ಆ ಮೊತ್ತವು ಪ್ರಕ್ರಿಯೆ ಹುಟ್ಟಿದಂದಿನಿಂದ ಏರುತ್ತ ಹೋಗುವುದೇ ಹೊರತು ಎಂದಿಗೂ ಇಳಿಯದು. ಶೇಕಡಾ ಅಂಕಿಯಾದರೋ ಎಲ್ಲಿಯೂ ಬರೆದಿಟ್ಟದ್ದಲ್ಲ. ಪಟ್ಟಿಯನ್ನು ತೋರಿಸುವ ಪ್ರೋಗ್ರಾಮು ಆಗಾಗ ಭಾಗಿಸಿ ಪಡೆಯುವಂಥದು. ಒಂದು ಉದಾಹರಣೆಯನ್ನು ನೋಡೋಣ.

ಲಿನಕ್ಸು ಈ ಮೊತ್ತವನ್ನು ಸಾಮಾನ್ಯವಾಗಿ ಸೆಕೆಂಡಿನ ನೂರರ ಒಂದು ಭಾಗದ ಮಾನದಲ್ಲಿ ಹೊರಗೆ ತಿಳಿಸುವುದು. ಒಂದು ಪ್ರಕ್ರಿಯೆಯ ಮೊತ್ತವು ಮೊದಲು ನೋಡಿದಾಗ ೨೫,೦೦೦ ಇತ್ತು. ಮೂರು ಸೆಕೆಂಡುಗಳ ತರುವಾಯ ನೋಡಿದಾಗ ೨೫,೧೫೦ ಆಗಿತ್ತು. ಅಂತರವು ೧೫೦, ಅಂದರೆ ಒಂದೂವರೆ ಸೆಕೆಂಡು. ಮೂರು ಸೆಕೆಂಡುಗಳಲ್ಲಿ ಒಂದೂವರೆ ಸೆಕೆಂಡು ದುಡಿದಿರುವುದರಿಂದ ಉತ್ತರವು ಶೇಕಡಾ ೫೦. ೧೯೮೪ರಲ್ಲಿ ವಿಲಿಯಂ ಲೆಫೆಬ್ರ್ ಎಂಬುವರು ಯೂನಿಕ್ಸಿಗಾಗಿ ಬರೆದ ಟಾಪ್ ಎಂಬ ಪ್ರೋಗ್ರಾಮಿನ ಮಾದರಿಯಲ್ಲಿ ನಡೆಯುವ ಪಟ್ಟಿಗಳೆಲ್ಲ ಹೀಗೆಯೇ ಕೆಲವು ಸೆಕೆಂಡುಗಳಿಗೊಮ್ಮೆ ಲೆಕ್ಕಮಾಡಿ ಅಂಕಿಗಳನ್ನು ಹೊಸದಾಗಿ ಬರೆಯುತ್ತಿರುವುವು.

ಇಲ್ಲಿಯೇ ಮೊದಲನೆಯ ತೊಡಕು. ಲಿನಕ್ಸಿನಲ್ಲಿ ಪಿ.ಎಸ್. ಎಂಬ ಇನ್ನೊಂದು ಪಟ್ಟಿಯುಂಟು. ಅದೂ ಶೇಕಡಾ ಅಂಕಿಯನ್ನೇ ತೋರಿಸುವುದು. ಆದರೆ ಭಾಗಿಸುವ ಕಾಲವು ಬೇರೆ. ಟಾಪ್ ಹಿಂದಿನ ಕೆಲವು ಸೆಕೆಂಡುಗಳನ್ನು ತೆಗೆದುಕೊಂಡರೆ, ಪಿ.ಎಸ್. ಪ್ರಕ್ರಿಯೆಯ ಜೀವಮಾನವನ್ನೆಲ್ಲ ತೆಗೆದುಕೊಳ್ಳುವುದು. ನೂರು ನಿಮಿಷಗಳ ಹಿಂದೆ ಪ್ರಾರಂಭವಾದ ಪ್ರಕ್ರಿಯೆಯೊಂದು ೯೫ ನಿಮಿಷ ಸುಮ್ಮನಿದ್ದು ಕಡೆಯ ೫ ನಿಮಿಷ ಎಡೆಬಿಡದೆ ದುಡಿಯುತ್ತಿದೆಯೆಂದಿಟ್ಟುಕೊಳ್ಳೋಣ. ಟಾಪ್ ಅದಕ್ಕೆ ಶೇಕಡಾ ೧೦೦ ಎನ್ನುವುದು, ಪಿ.ಎಸ್. ಶೇಕಡಾ ೫ ಎನ್ನುವುದು. ಮತ್ತೊಂದು ಪ್ರಕ್ರಿಯೆಯು ೯೦ ನಿಮಿಷ ದುಡಿದು ಈಗ ೧೦ ನಿಮಿಷಗಳಿಂದ ವಿಶ್ರಮಿಸುತ್ತಿದ್ದರೆ ಟಾಪಿನಲ್ಲಿ ಸೊನ್ನೆ, ಪಿ.ಎಸ್. ಪಟ್ಟಿಯಲ್ಲಿ ೯೦. ಎರಡೂ ಪಟ್ಟಿಗಳು ನಿಜವನ್ನೇ ಹೇಳುತ್ತಿವೆ. ಈಗಲೇ ಯಂತ್ರವನ್ನು ನಿಧಾನಗೊಳಿಸಿರುವವರು ಯಾರೆಂದು ಹುಡುಕುವಾಕೆಯು ಎರಡನೆಯ ಪಟ್ಟಿಯನ್ನು ನಂಬಿದರೆ ಮಾತ್ರ ವಿಶ್ರಮಿಸುತ್ತಿರುವವನನ್ನು ದಂಡಿಸಿ, ದುಡಿಯುತ್ತಿರುವವನನ್ನು ಬಿಟ್ಟುಬಿಡುವಳು. ಮ್ಯಾಕ್ ಓಎಸ್ ಮೊದಲಾದುವುಗಳಲ್ಲಿ ಅದೇ ಹೆಸರಿನ ಪಟ್ಟಿಯು ಕಳೆದ ಸುಮಾರು ಒಂದು ನಿಮಿಷದ ಸರಾಸರಿಯನ್ನು ಕೊಡುವುದು. ಹೆಸರು ಒಂದೇ ಆದರೂ ಅರ್ಥವು ಬೇರೆ.

೬. ನೂರೆಂದರೆ ಯಾವ ನೂರು?

ಇಂದಿನ ಕಂಪ್ಯೂಟರಿನಲ್ಲಿ ಪ್ರೊಸೆಸರು ಒಂದಲ್ಲ. ನಾಲ್ಕು, ಎಂಟು, ಹದಿನಾರು ಹೀಗೆ ಇರುವುವು. ವಸತಿಗೃಹದಲ್ಲಿ ಎಂಟು ಬೀಸುವ ಕಲ್ಲುಗಳಿವೆಯೆಂದುಕೊಳ್ಳಿರಿ. ಒಬ್ಬಳು ಒಂದು ಕಲ್ಲನ್ನು ಬಿಡುವಿಲ್ಲದೆ ಬೀಸುತ್ತಿದ್ದರೆ ಅವಳ ದುಡಿಮೆ ಶೇಕಡಾ ಎಷ್ಟು? ಒಂದು ಕಲ್ಲನ್ನು ಪೂರ್ಣವೆಂದು ಎಣಿಸಿದರೆ ೧೦೦. ಎಂಟು ಕಲ್ಲುಗಳನ್ನೂ ಸೇರಿಸಿ ಪೂರ್ಣವೆಂದು ಎಣಿಸಿದರೆ ಹನ್ನೆರಡೂವರೆ.

ಲಿನಕ್ಸಿನ ಟಾಪ್, ಮ್ಯಾಕ್ ಓಎಸ್‌ನ ಆಕ್ಟಿವಿಟಿ ಮಾನಿಟರ್ ಇವೆರಡೂ ರೂಢಿಯಲ್ಲಿ ಮೊದಲನೆಯ ಮಾನವನ್ನು ಅನುಸರಿಸುವುವು. ಆದಕಾರಣ ನಾಲ್ಕು ಎಳೆಗಳಾಗಿ ಬಿಚ್ಚಿಕೊಂಡು ನಾಲ್ಕು ಪ್ರೊಸೆಸರುಗಳಲ್ಲಿ ದುಡಿಯುವ ಪ್ರಕ್ರಿಯೆಗೆ ಅಲ್ಲಿ ಶೇಕಡಾ ೪೦೦ ಎಂಬ ಅಂಕಿ ಕಾಣುವುದು. ನೂರಕ್ಕಿಂತ ಹೆಚ್ಚಿನ ಶೇಕಡಾ ಹೇಗೆ ಸಾಧ್ಯವೆಂದು ಬೆರಗಾಗಬೇಕಾದುದಿಲ್ಲ. ೧೯೯೬ರ ವಿಂಡೋಸ್ ಎನ್‌ಟಿ ೪.೦ರಿಂದ ಬಂದ ಟಾಸ್ಕ್ ಮ್ಯಾನೇಜರ್ ಎಂಬ ಪಟ್ಟಿಯು ಎರಡನೆಯ ಮಾನದ್ದು. ಎಂಟು ಪ್ರೊಸೆಸರುಗಳಿರುವಲ್ಲಿ ಅಂಥ ಪ್ರಕ್ರಿಯೆಗೆ ಅದು ೫೦ ಎಂದು ತೋರಿಸುವುದು. ಈ ಮಾನದಲ್ಲಿ ಒಂದು ಅಪಾಯವುಂಟು. ಕೆಟ್ಟುಹೋಗಿ ಒಂದೇ ಲೆಕ್ಕವನ್ನು ಕೊನೆಯಿಲ್ಲದೆ ಸುತ್ತುತ್ತಿರುವ ಪ್ರಕ್ರಿಯೆಯು ಒಂದು ಪ್ರೊಸೆಸರನ್ನು ಸಂಪೂರ್ಣವಾಗಿ ಹಿಡಿದಿದ್ದರೂ ಪಟ್ಟಿಯಲ್ಲಿ ಹನ್ನೆರಡರ ಆಸುಪಾಸಿನಲ್ಲಿ ನಿಂತು, ಅಲ್ಪವೆಂದು ಅಲಕ್ಷಿಸಲ್ಪಡುವುದು.

ಇನ್ನೊಂದು ವಿನೋದದ ಸಂಗತಿಯನ್ನು ಹೇಳಬೇಕಾಗಿದೆ. ವಿಂಡೋಸಿನ ಪಟ್ಟಿಯನ್ನು ವಿವರವಾಗಿ ತೆರೆದರೆ ಸಿಸ್ಟಮ್ ಐಡಲ್ ಪ್ರೊಸೆಸ್ ಎಂಬ ಹೆಸರಿನೆದುರಿಗೆ ೯೦, ೯೫ ಎಂಬ ದೊಡ್ಡ ಅಂಕಿಗಳು ಕಾಣುವುದುಂಟು. ಅದನ್ನು ಕಂಡು ಗಾಬರಿಗೊಂಡು, ಯಂತ್ರವನ್ನೆಲ್ಲ ನುಂಗುತ್ತಿರುವ ಇದನ್ನು ಹೇಗೆ ತೆಗೆದುಹಾಕುವುದೆಂದು ಕೇಳಿದವರು ಎಷ್ಟೋ ಮಂದಿ. ವಾಸ್ತವವಾಗಿ ಅದು ಬಿಡುವಿನ ಲೆಕ್ಕ. ಮಾಡಲು ಬೇರೆ ಕೆಲಸವಿಲ್ಲದಾಗ ಪ್ರೊಸೆಸರು ಆ ಹೆಸರಿನಲ್ಲಿ ವಿಶ್ರಮಿಸುವುದು. ಎಲ್ಲಕ್ಕಿಂತ ದೊಡ್ಡ ಅಂಕಿಯುಳ್ಳವನೇ ಇಲ್ಲಿ ಏನನ್ನೂ ಮಾಡದಿರುವವನು!

೭. ದುಡಿಮೆಯೋ, ಕಾಯುವಿಕೆಯೋ?

ಇಷ್ಟನ್ನೂ ಸರಿಯಾಗಿ ಅಳೆದೆವೆಂದಿಟ್ಟುಕೊಂಡರೂ ಒಂದು ಪ್ರಶ್ನೆ ಉಳಿಯುವುದು. ಪ್ರಕ್ರಿಯೆಯು ಪ್ರೊಸೆಸರಿನ ಮೇಲೆ ಇದ್ದ ಹೊತ್ತೆಲ್ಲ ದುಡಿದ ಹೊತ್ತೇ ಆಗಿರುವುದೆ? ಆಗಿರಬೇಕೆಂಬ ನಿಯಮವಿಲ್ಲ. ಪ್ರೊಸೆಸರಿನ ವೇಗಕ್ಕೆ ಹೋಲಿಸಿದರೆ ನೆನಪಿನ ಭಂಡಾರವು ಬಹು ಮಂದಗತಿಯದು. ಬೇಕಾದ ಅಂಕಿಯು ಅಲ್ಲಿಂದ ಬರುವವರೆಗೆ ಪ್ರೊಸೆಸರು ಎಷ್ಟೋ ವೇಳೆ ಸುಮ್ಮನೆ ನಿಂತಿರಬೇಕಾಗುವುದು. ಹಿಡಿಯನ್ನು ಬಿಡದೆ ಕಲ್ಲಿನ ಮುಂದೆಯೇ ಕುಳಿತು, ಮುಂದಿನ ಹಿಡಿ ರಾಗಿ ಕೈಗೆ ಬರಲೆಂದು ಕಾಯುವವಳ ಹಾಗೆ. ಪುಸ್ತಕದಲ್ಲಿ ಮಾತ್ರ ಅದು ಬೀಸಿದ ಹೊತ್ತೆಂದೇ ದಾಖಲಾಗುವುದು. ಬ್ರೆಂಡನ್ ಗ್ರೆಗ್ ಎಂಬ ತಜ್ಞರು ೨೦೧೭ರಲ್ಲಿ ಈ ವಿಷಯವನ್ನೆತ್ತಿ, ಸಿ.ಪಿ.ಯು. ಬಳಕೆಯೆಂಬ ಅಂಕಿಯು ಜನರನ್ನು ದಾರಿತಪ್ಪಿಸುತ್ತಿದೆಯೆಂದು ವಾದಿಸಿದರು.

ಇದಲ್ಲದೆ ಪ್ರೊಸೆಸರಿನ ವೇಗವೂ ಸ್ಥಿರವಾದುದಲ್ಲ. ವಿದ್ಯುತ್ತನ್ನು ಉಳಿಸುವುದಕ್ಕಾಗಿ ಅದು ನಿಧಾನವಾಗುವುದು. ಅವಸರವಾದಾಗ ವೇಗವನ್ನು ಹೆಚ್ಚಿಸಿಕೊಳ್ಳುವುದು. ಅರ್ಧ ವೇಗದಲ್ಲಿ ಒಂದು ಸೆಕೆಂಡು ದುಡಿದದ್ದೂ ಪೂರ್ಣ ವೇಗದಲ್ಲಿ ಒಂದು ಸೆಕೆಂಡು ದುಡಿದದ್ದೂ ಕಾಲದ ಲೆಕ್ಕದಲ್ಲಿ ಸಮ. ಕೆಲಸದ ಲೆಕ್ಕದಲ್ಲಿ ಸಮವಲ್ಲ.

ಕೆಲವು ಪ್ರಕ್ರಿಯೆಗಳು ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಮೂರು ಸೆಕೆಂಡುಗಳಿಗೊಮ್ಮೆ ನೋಡುವ ಪಟ್ಟಿಗೆ, ಎರಡು ನೋಟಗಳ ನಡುವೆ ಹುಟ್ಟಿ, ದುಡಿದು, ಮುಗಿದುಹೋದವರ ಸುಳಿವೇ ಸಿಗದು. ಇಂಥವರು ಸಾವಿರಾರು ಮಂದಿ ಬಂದುಹೋಗುತ್ತಿದ್ದರೆ, ಯಂತ್ರವು ಒಟ್ಟಿನಲ್ಲಿ ಪೂರ್ಣ ದುಡಿಯುತ್ತಿರುವಂತೆಯೂ ಒಬ್ಬೊಬ್ಬರಾಗಿ ಯಾರೂ ದುಡಿಯದಿರುವಂತೆಯೂ ಕಾಣುವ ವಿಚಿತ್ರವು ಒದಗುವುದು.

೮. ಓದುವವರಿಗೆ ನಾಲ್ಕು ಪ್ರಶ್ನೆಗಳು

ಹಾಗಾದರೆ ಈ ಅಂಕಿಗಳು ನಿರುಪಯುಕ್ತವೆ? ಎಂದಿಗೂ ಅಲ್ಲ. ರೋಗವನ್ನು ಪರೀಕ್ಷಿಸುವಾಗ ಜ್ವರದ ಡಿಗ್ರಿಯು ಹೇಗೋ ಹಾಗೆ ಇವೂ ಮೊದಲ ಸೂಚನೆಗಳು. ಸೂಚನೆಯನ್ನೇ ತೀರ್ಪೆಂದು ತಿಳಿಯುವುದು ಮಾತ್ರ ಅವಿವೇಕ. ಆದುದರಿಂದ ಶೇಕಡಾ ಅಂಕಿಯೊಂದನ್ನು ಕಂಡಾಗ ಈ ಮುಂದಿನ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು.

ಮೊದಲನೆಯದಾಗಿ, ಇದು ಎಷ್ಟು ಹೊತ್ತಿನ ಲೆಕ್ಕ? ಕೆಲವು ಸೆಕೆಂಡುಗಳದೋ, ಹುಟ್ಟಿದಂದಿನಿಂದ ಇಂದಿನವರೆಗಿನದೋ?

ಎರಡನೆಯದಾಗಿ, ಇಲ್ಲಿ ನೂರೆಂದರೆ ಒಂದು ಪ್ರೊಸೆಸರೋ, ಎಲ್ಲ ಪ್ರೊಸೆಸರುಗಳೂ ಸೇರಿಯೋ?

ಮೂರನೆಯದಾಗಿ, ಇದನ್ನು ಗಂಟೆಗೊಮ್ಮೆ ಇಣಿಕಿ ನೋಡಿ ಬರೆದರೋ, ಬಂದ ಹೊತ್ತನ್ನೂ ಹೋದ ಹೊತ್ತನ್ನೂ ಕಂಡು ಬರೆದರೋ?

ನಾಲ್ಕನೆಯದಾಗಿ, ಈ ಹೊತ್ತಿನಲ್ಲಿ ಕೆಲಸವು ಮುಂದುವರಿಯಿತೆ? ಚಲನಚಿತ್ರವನ್ನು ಒಂದು ರೂಪದಿಂದ ಮತ್ತೊಂದು ರೂಪಕ್ಕೆ ಬದಲಾಯಿಸುವ ಪ್ರಕ್ರಿಯೆಯು ಶೇಕಡಾ ನೂರು ತೆಗೆದುಕೊಂಡರೆ ಅದು ಶ್ರದ್ಧೆಯಿಂದ ದುಡಿಯುತ್ತಿದೆಯೆಂದರ್ಥ. ತೆರೆದಿಟ್ಟು ಮರೆತ ಪುಟವೊಂದು ಅಷ್ಟನ್ನೇ ತೆಗೆದುಕೊಂಡರೆ ಏನೋ ಕೆಟ್ಟಿದೆಯೆಂದರ್ಥ. ಅಂಕಿ ಎರಡಕ್ಕೂ ಒಂದೇ.

ಈ ನಾಲ್ಕಕ್ಕೂ ಉತ್ತರ ದೊರೆತ ಮೇಲೆಯೂ ಒಂದು ಪ್ರಕ್ರಿಯೆಯನ್ನು ನಿಲ್ಲಿಸಬೇಕೆಂದು ತೋರಿದರೆ, ಅದು ಯಾರದು, ಅದರಲ್ಲಿ ಉಳಿಸದ ಬರೆವಣಿಗೆ ಏನಾದರೂ ಇದೆಯೆ ಎಂಬುದನ್ನು ನೋಡಿ, ಮೊದಲು ಮೃದುವಾಗಿ ಮುಚ್ಚಲು ಪ್ರಯತ್ನಿಸಿ, ಆಗದಿದ್ದರೆ ಮಾತ್ರ ಬಲಾತ್ಕಾರದಿಂದ ನಿಲ್ಲಿಸತಕ್ಕದ್ದು.

ಯಂತ್ರದ ಪಟ್ಟಿಯನ್ನು ಓದಲು ಕಲಿತವರಿಗೆ ಇತರ ಪಟ್ಟಿಗಳನ್ನು ಓದುವ ಎಚ್ಚರವೂ ತಾನಾಗಿ ಬರುವುದು. ಪರೀಕ್ಷೆಯ ಅಂಕಗಳಾಗಲಿ, ಕಛೇರಿಯಲ್ಲಿ ನೌಕರರ ಕೆಲಸದ ವೇಳೆಯಾಗಲಿ, ಮನೆಯೊಳಗೆ ಹೆಂಗಸರ ದುಡಿಮೆಯಾಗಲಿ, ಇವುಗಳಲ್ಲಿ ಗಂಟೆ ಬಾರಿಸಿದ ಕ್ಷಣದಲ್ಲಿ ಕಂಡದ್ದೇ ಪುಸ್ತಕಕ್ಕೆ ಏರುವುದು ಸಾಮಾನ್ಯ. ಎರಡು ಗಂಟೆಗಳ ನಡುವೆ ಬೀಸಿ, ಹಿಟ್ಟನ್ನು ಡಬ್ಬಿಗೆ ತುಂಬಿಟ್ಟು, ಸದ್ದಿಲ್ಲದೆ ಎದ್ದುಹೋದವಳ ಹೆಸರಿನೆದುರಿಗೆ ಗೆರೆಯಿಲ್ಲದಿರಬಹುದು. ಆದರೂ ಅಂದಿನ ರೊಟ್ಟಿ ಅವಳ ಹಿಟ್ಟಿನದೇ. ಲೆಕ್ಕವಿಡತಕ್ಕವರು ಇದನ್ನು ಮರೆಯಲಾಗದು.